ಖಾಲಿ ಜಾಗದ ತಾರೀಖು ನೋಡಿ

ಅಮೆರಿಕದ ಟಲ್ಸಾ ನಗರದಲ್ಲಿ ಕಪ್ಪುಜನರ ಬಡಾವಣೆಯಾಗಿದ್ದ ಗ್ರೀನ್‌ವುಡ್‌ನ ಈಗಿನ ಬಯಲುಗಳ ಚಿತ್ರ ಹಾಕಿ ‘1921ರ ಬೆಂಕಿ ಉಳಿಸಿದ್ದು ಇಷ್ಟೇ’ ಎಂದು ಬರೆಯುವವರು ಮುಗಿಯುವುದೇ ಇಲ್ಲ. ಆ ಖಾಲಿತನದ ಬಹುಪಾಲು 1921ರದ್ದಲ್ಲ.

ಮೇ 31, ಜೂನ್ 1ರಂದು ಬಿಳಿಯರ ಗುಂಪು ಸುಮಾರು 35 ಬ್ಲಾಕ್‌ಗಳನ್ನು ಸುಟ್ಟಿತು. ಜೂನ್ 7ರಂದು ನಗರಾಡಳಿತ ಅಲ್ಲಿ ಬೆಂಕಿ ತಗುಲದ ಸಾಮಗ್ರಿಯಿಂದಲೇ ಕಟ್ಟಬೇಕೆಂದು ನಿಯಮ ತಂದಿತು. ಮರದ ಮನೆ ಕಳೆದುಕೊಂಡು ಡೇರೆಯಲ್ಲಿರುವವರಿಗೆ ಇಟ್ಟಿಗೆಯ ದುಡ್ಡು ಎಲ್ಲಿಂದ ಬರಬೇಕು? ವಕೀಲ ಬಿ.ಸಿ. ಫ್ರಾಂಕ್ಲಿನ್ ಮತ್ತು ಜೊತೆಗಾರರು ಕೋರ್ಟಿಗೆ ಹೋಗಿ ಆ ನಿಯಮ ತೆಗೆಸಿದರು. ವಿಮೆಯವರು ಗಲಭೆಯಲ್ಲಾದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತು ತೋರಿಸಿ ಕೈತೊಳೆದುಕೊಂಡರು. 1926ರಲ್ಲಿ ಓಕ್ಲಹೋಮಾ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಹೀಗಿದ್ದೂ ಜನ ಕಟ್ಟಿದರು. 1925ಕ್ಕೇ ಕಪ್ಪು ವ್ಯಾಪಾರಿಗಳ ಸಂಘವಾದ ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್‌ನ ಸಮ್ಮೇಳನ ಟಲ್ಸಾದಲ್ಲಿ ನಡೆಯಿತು. 1940ರ ದಶಕದ ಆರಂಭದಲ್ಲಿ ಗ್ರೀನ್‌ವುಡ್‌ನಲ್ಲಿ 200ಕ್ಕೂ ಹೆಚ್ಚು ಅಂಗಡಿ, ಕಚೇರಿಗಳಿದ್ದವು. ಅವನ್ನು ಕೆಡವಿದ್ದು ಮುಂದೆ ಬಂದ ನಗರ ನವೀಕರಣ ಯೋಜನೆ, ಬಡಾವಣೆಯ ನಡುವೆಯೇ ಹಾದ ಇಂಟರ್‌ಸ್ಟೇಟ್ 244 ಹೆದ್ದಾರಿ. ಎಲ್ಲವನ್ನೂ 1921ರ ತಲೆಗೆ ಕಟ್ಟಿದರೆ ಈ ಯೋಜನೆಗಳಿಗೆ ಸಹಿ ಹಾಕಿದವರಿಗೆ ಬಲು ಅನುಕೂಲ.

ಪರೀಕ್ಷಿಸುವುದು ಕಷ್ಟವಲ್ಲ. ಸ್ಯಾನ್‌ಬರ್ನ್ ವಿಮಾ ನಕ್ಷೆ, ಅಂದರೆ ಬೆಂಕಿ ವಿಮೆಯ ಕಂಪನಿಗಳಿಗಾಗಿ ಒಂದೊಂದು ಕಟ್ಟಡವನ್ನೂ ಗುರುತಿಸಿ ಮಾಡಿದ ನಕ್ಷೆ ತೆಗೆಯಿರಿ. ಸಾಮಾನ್ಯವಾಗಿ ಇಂಚಿಗೆ 50 ಅಡಿ, ಹಳದಿ ಎಂದರೆ ಮರ, ಗುಲಾಬಿ ಎಂದರೆ ಇಟ್ಟಿಗೆ. ಎಡವುವುದು ಇಲ್ಲೇ: ಹೊಸ ಕಟ್ಟಡಗಳ ಚೀಟಿಗಳನ್ನು ಹಳೇ ಹಾಳೆಯ ಮೇಲೆಯೇ ಅಂಟಿಸುತ್ತಿದ್ದರು, ಹಾಗಾಗಿ ಮುಖಪುಟದ ವರ್ಷ ನಂಬಬೇಡಿ, ತಿದ್ದುಪಡಿಯ ವರ್ಷ ಹುಡುಕಿ. ಆಮೇಲೆ ಅದೇ ವಿಳಾಸವನ್ನು, ಯಾರು ಎಲ್ಲಿದ್ದರೆಂದು ಪಟ್ಟಿ ಮಾಡಿದ ನಗರ ಡೈರೆಕ್ಟರಿಗಳಲ್ಲಿ ವರ್ಷವರ್ಷವೂ ನೋಡುತ್ತಾ ಬನ್ನಿ. ಹೆಸರು ಯಾವ ವರ್ಷ ಮಾಯವಾಯಿತೋ ಅದರ ಆಚೀಚಿನ ಕ್ರಯಪತ್ರ, ವೈಮಾನಿಕ ಚಿತ್ರ ತೆಗೆಯಿರಿ. ಒಂದೇ ದಾಖಲೆ ನೋಡಿ ತೀರ್ಪು ಕೊಡಬೇಡಿ.

ಎಲ್ಲ ಊರಿಗೂ ಇದೇ ಕ್ರಮ ಹೊಂದುತ್ತದೆ ಎನ್ನಲಾರೆ. ಫ್ಲಾರಿಡಾದ ರೋಸ್‌ವುಡ್ 1923ರಲ್ಲಿ ಸುಟ್ಟುಹೋಯಿತು, ಓಡಿಹೋದ ಕಪ್ಪುಜನ ಮರಳಲೇ ಇಲ್ಲ. ಜಾರ್ಜಿಯಾದ ಫೊರ್ಸೈತ್ ಕೌಂಟಿಯಿಂದ 1912ರಲ್ಲಿ ಸಾವಿರದಷ್ಟು ಕಪ್ಪುಜನರನ್ನು ಓಡಿಸಿದರು. ಕೆಲವರು ಸಿಕ್ಕಿದ ಬೆಲೆಗೆ ಹೊಲ ಮಾರಿದರು, ಕೆಲವರ ಹೊಲ ಮಾರಾಟವಿಲ್ಲದೆಯೇ ಕೈಬದಲಾಯಿತು. ಅಲ್ಲಿ ನಕ್ಷೆಗಿಂತ ಮೊದಲು ತೆರಿಗೆ ಪುಸ್ತಕ ತೆರೆಯಿರಿ: ಕ್ರಯಪತ್ರವಿಲ್ಲದೆ ತೆರಿಗೆ ಕಟ್ಟುವವರ ಹೆಸರು ಬದಲಾಗಿದ್ದರೆ ಅಲ್ಲಿಂದಲೇ ಶುರು ಮಾಡಿ.