ಬಾಟಲಿಯ ಬಾಳೆಗಿಡ ಹೊಲದಲ್ಲಿ ಬಾಡುವುದೇಕೆ?

ಅಂಗಾಂಶ ಕೃಷಿಯ, ಅಂದರೆ ಗಿಡದ ಚಿಕ್ಕ ತುಣುಕಿನಿಂದ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ, ಬಾಳೆಗಿಡಗಳು ನೆಟ್ಟ ಮೂರನೆಯ ದಿನವೇ ಸೊರಗಿದವೆಂದು ಹೇಳಿಕೊಂಡು ಬರುವ ರೈತರನ್ನು ನಾನು ಪ್ರತಿ ಬೇಸಿಗೆಯಲ್ಲಿಯೂ ಕಾಣುತ್ತೇನೆ. ನೀರು ಸಾಲದಾಯಿತೆಂದು ಭಾವಿಸಿ ಅವರು ದಿನಕ್ಕೆರಡು ಬಾರಿ ನೀರುಣಿಸಿರುತ್ತಾರೆ. ಕೆಲವರು ಬುಡಕ್ಕೆ ಒಂದು ಹಿಡಿ ಯೂರಿಯಾವನ್ನೂ ಹಾಕಿರುತ್ತಾರೆ. ಮಣ್ಣು ಒದ್ದೆಯಾಗಿಯೇ ಇದ್ದು ಗಿಡ ಬಾಡಿರುವುದರ ಕಾರಣ ತಿಳಿಯಬೇಕಾದರೆ, ಆ ಗಿಡದ ಜೀವಕೋಶಗಳು ಅದುವರೆಗೆ ಎಂತಹ ಸೂಚನೆಗಳನ್ನು ಪಡೆಯುತ್ತಿದ್ದವೆಂಬುದನ್ನು ನೋಡಬೇಕು.

ಪ್ರಯೋಗಾಲಯದಲ್ಲಿ ನಾವು ಬಾಳೆಯ ಕಂದಿನ ಗಡ್ಡೆಯಿಂದ ಎಳೆಯ ತುದಿಯನ್ನು ಬಿಡಿಸಿ ತೆಗೆದು, ಪ್ರತಿ ಲೀಟರಿಗೆ ಸಾಮಾನ್ಯವಾಗಿ 30 ಗ್ರಾಂ ಸಕ್ಕರೆಯಿರುವ ಪೋಷಕ ಮಾಧ್ಯಮದಲ್ಲಿ ಇಡುತ್ತೇವೆ. ಮಾಧ್ಯಮದಲ್ಲಿ ಸೈಟೊಕೈನಿನ್ ಮತ್ತು ಆಕ್ಸಿನ್ ಎಂಬ ಎರಡು ಸಸ್ಯ ಹಾರ್ಮೋನುಗಳ ಪೈಕಿ ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರುಗಳು, ಆಕ್ಸಿನ್ ಹೆಚ್ಚಿದ್ದರೆ ಬೇರುಗಳು, ಎರಡೂ ಸಮನಾಗಿದ್ದರೆ ರೂಪವಿಲ್ಲದ ಕೋಶಗಳ ಮುದ್ದೆ ಬೆಳೆಯುತ್ತದೆಯೆಂದು ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ ಅವರು 1957ರಲ್ಲಿ ತಂಬಾಕಿನ ಕಾಂಡದ ತಿರುಳಿನಲ್ಲಿ ತೋರಿಸಿಕೊಟ್ಟರು. ನಮ್ಮ ದಿನನಿತ್ಯದ ಕೆಲಸವೆಲ್ಲ ಇಂದಿಗೂ ಆ ಅನುಪಾತದ ಮೇಲೆಯೇ ನಿಂತಿದೆ. ಸೈಟೊಕೈನಿನ್ ಕೋಶದೊಳಗೆ ಸೈಕ್ಲಿನ್ ಡಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆ ಪ್ರೋಟೀನು ಕೋಶ ವಿಭಜನೆಗೆ ಇರುವ ತಡೆಯನ್ನು ಸಡಿಲಿಸುತ್ತದೆ. ಸಕ್ಕರೆಯ ಸಮೃದ್ಧಿಯನ್ನು ಗ್ರಹಿಸುವ ಟಾರ್ ಎಂಬ ಮತ್ತೊಂದು ಪ್ರೋಟೀನು, ಕೋಶ ಇಬ್ಭಾಗವಾಗಲು ಬೇಕಾದ ಜೀನುಗಳನ್ನು ಚುರುಕುಗೊಳಿಸುತ್ತದೆ. ವಿಭಜನೆಯಿಂದ ಕೋಶಗಳ ಸಂಖ್ಯೆ ಹೆಚ್ಚುತ್ತದೆಯಾದರೂ, ಗಿಡ ದೊಡ್ಡದಾಗುವುದು ಮುಖ್ಯವಾಗಿ ಕೋಶಗಳು ನೀರು ತುಂಬಿಕೊಂಡು ಹಿಗ್ಗುವುದರಿಂದ. ಆಕ್ಸಿನ್ ಕೋಶಭಿತ್ತಿಯನ್ನು ಆಮ್ಲೀಯಗೊಳಿಸಿ ಸಡಿಲಿಸಿದಾಗ ಒಳಗಿನ ನೀರಿನ ಒತ್ತಡ ಅದನ್ನು ಹಿಗ್ಗಿಸುತ್ತದೆ.

ಹೀಗೆ ಬಾಟಲಿಯೊಳಗಿನ ಗಿಡ ಪಡೆಯುವ ಸೂಚನೆಗಳೆಲ್ಲವೂ ‘ಬೆಳೆಯುತ್ತಿರು’ ಎಂಬ ಸೂಚನೆಗಳೇ. ‘ನಿಲ್ಲು’ ಎಂದು ಹೇಳುವ ಹಾರ್ಮೋನು ಅಬ್ಸಿಸಿಕ್ ಆಮ್ಲ. ಹೊಲದ ಗಿಡದಲ್ಲಿ ನೀರಿನ ಕೊರತೆ ತಲೆದೋರಿದೊಡನೆ ಇದರ ಪ್ರಮಾಣ ಏರುತ್ತದೆ, ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳಾದ ಪತ್ರರಂಧ್ರಗಳನ್ನು ತೆರೆದು ಮುಚ್ಚುವ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹರಿಯುತ್ತದೆ, ಅದರ ಹಿಂದೆಯೇ ನೀರೂ ಹೋಗಿ ಕೋಶಗಳು ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ಅದೇ ಸಂಕೇತ ಟಾರ್ ಪ್ರೋಟೀನನ್ನೂ ಹತ್ತಿಕ್ಕಿ ಬೆಳವಣಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಬರಗಾಲದ ಗಿಡ ಕುಳ್ಳಾಗಿರುವುದನ್ನು ನಾವು ಸೋಲೆಂದು ಎಣಿಸುತ್ತೇವೆ. ಆ ಕುಳ್ಳತನದ ಬಹುಪಾಲು, ಗಿಡವೇ ಕೈಗೊಂಡ ಉಳಿತಾಯವೆಂಬುದು ನನ್ನ ಅಭಿಪ್ರಾಯ. ಆದರೆ ತೇವ ತುಂಬಿದ ಬಾಟಲಿಯಲ್ಲಿ ಮೂಡಿದ ಎಲೆಗೆ ಈ ಅಭ್ಯಾಸವೇ ಇರುವುದಿಲ್ಲ. ಅದರ ಮೇಲಿನ ಮೇಣದ ಪದರ ತೀರ ತೆಳುವಾಗಿದ್ದು, ರಂಧ್ರಗಳು ಅಬ್ಸಿಸಿಕ್ ಆಮ್ಲಕ್ಕೆ ಸರಿಯಾಗಿ ಓಗೊಡದೆ ತೆರೆದೇ ಇರುತ್ತವೆ. ಬುಡಕ್ಕೆ ಎಷ್ಟು ನೀರೆರೆದರೂ ಎಳೆಯ ಬೇರು ಹೀರುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ. ಯೂರಿಯಾವಂತೂ ಬೇರಿನ ಸುತ್ತಲಿನ ದ್ರಾವಣವನ್ನು ಸಾಂದ್ರಗೊಳಿಸಿ ಆ ಬೇರಿನ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ.

ಆದುದರಿಂದಲೇ ಗಿಡಗಳನ್ನು ಹದಗೊಳಿಸುವ ಹಂತದ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಮೊದಲು ಹೆಚ್ಚು ತೇವಾಂಶವಿರುವ ಮನೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿಟ್ಟು, ಬಳಿಕ ನೆರಳು ಪರದೆಯಡಿ ಪಾಲಿಥಿನ್ ಚೀಲಗಳಿಗೆ ಬದಲಾಯಿಸಿ, ತೇವಾಂಶವನ್ನು ಹಂತಹಂತವಾಗಿ ತಗ್ಗಿಸುವಷ್ಟರಲ್ಲಿ ಎರಡು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಬಾಟಲಿಯಲ್ಲಿ ಹುಟ್ಟಿದ ಎಲೆಗಳು ಈ ಅವಧಿಯಲ್ಲಿ ಪೂರ್ತಿ ಸುಧಾರಿಸುವುದಿಲ್ಲ, ಅವು ಕ್ರಮೇಣ ಒಣಗುತ್ತವೆ. ಹೊರಗಿನ ಗಾಳಿಯಲ್ಲಿ ಹೊಸದಾಗಿ ಮೂಡಿದ ಎಲೆಗಳೇ ರಂಧ್ರ ಮುಚ್ಚಲು ಬಲ್ಲವು. ಬೇಡಿಕೆ ಏರಿದ ತಿಂಗಳುಗಳಲ್ಲಿ ಈ ಕಾಲವನ್ನು ಅರ್ಧಕ್ಕಿಳಿಸಿ ಗಿಡ ಮಾರುವುದನ್ನು ನಾನು ಕಂಡಿದ್ದೇನೆ, ಅದರ ನಷ್ಟ ರೈತನ ಪಾಲಿಗೆ ಬರುತ್ತದೆ. ಗಿಡ ಕೊಳ್ಳುವವರು ಎತ್ತರಕ್ಕಿಂತ ಮೊದಲು ಎಲೆಗಳನ್ನು ಎಣಿಸಬೇಕು. ಚೀಲಕ್ಕೆ ಬಂದ ಮೇಲೆ ಬಿಚ್ಚಿಕೊಂಡ ನಾಲ್ಕೈದು ದಪ್ಪನೆಯ ಎಲೆಗಳಾದರೂ ಇರಬೇಕು.

ಗಿಡಗಳನ್ನು ಕಳುಹಿಸುವ ಮುನ್ನ ನಾವು ಒಂದು ಸರಳ ಪರೀಕ್ಷೆ ಮಾಡುತ್ತೇವೆ. ಒಟ್ಟಿಗೆ ಹದಗೊಳಿಸಿದ ಗಿಡಗಳ ತಂಡದಿಂದ ಕೆಲವು ಗಿಡಗಳ ಹೊಸ ಎಲೆಗಳನ್ನು ಕತ್ತರಿಸಿ, ತೂಗಿ, ನೆರಳಿನಲ್ಲಿ ಮೇಜಿನ ಮೇಲೆ ಹರಡಿ, ಗಂಟೆಯ ನಂತರ ಮತ್ತೆ ತೂಗುತ್ತೇವೆ. ಹದಗೊಂಡ ಎಲೆ ಮೊದಲ ಕೆಲವು ನಿಮಿಷಗಳಲ್ಲಿ ಸ್ವಲ್ಪ ತೂಕ ಕಳೆದುಕೊಂಡು, ರಂಧ್ರಗಳು ಮುಚ್ಚಿದ ಬಳಿಕ ಬಹುತೇಕ ಹಾಗೆಯೇ ನಿಲ್ಲುತ್ತದೆ. ಹದಗೊಳ್ಳದ ಎಲೆಯ ತೂಕ ಇಳಿಯುತ್ತಲೇ ಹೋಗಿ ಅಂಚು ಸುರುಳಿಗೊಳ್ಳುತ್ತದೆ. ಅಂತಹ ಎಲೆಗಳು ಕಂಡುಬಂದ ತಂಡವನ್ನು ಮತ್ತೊಂದು ವಾರ ನೆರಳಿನಡಿಯಲ್ಲಿಯೇ ಉಳಿಸಿಕೊಂಡು ಪುನಃ ಪರೀಕ್ಷಿಸುತ್ತೇವೆ.