ನೂರಕ್ಕೆ ಮೂರು, ಇನ್ನೂರರ ಮೇಲೆ ಒಂದು

ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಹನುಮಪ್ಪನ ಗುಡಿ ಕಟ್ಟೆ ಮೇಲೆ ಹಣಕಾಸು ಸಾಕ್ಷರತೆ ಶಿಬಿರ ಇತ್ತು. ನಾನು ಉಳಿತಾಯ ಅಂತ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಉಳಿಯೋದೇ ಇಲ್ರಿ ಸರ್, ಉಳಸೋದು ಏನದ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಗೋಡೆಗೆ ತೂಗುಹಾಕಿದ್ದ ನನ್ನ ಚಾರ್ಟಿನಲ್ಲಿ ಆ ಮಾತಿಗೆ ಉತ್ತರ ಇರಲಿಲ್ಲ.

ಈ ಕೆಲಸಕ್ಕೆ ಬಂದ ಮೇಲೆ ಸಾವಿರಾರು ಪಾಸ್‌ಬುಕ್, ಸಂಘದ ವಹಿ, ಅಂಗಡಿಯ ಉದ್ರಿ ಚೀಟಿ ನೋಡಿದ್ದೇನೆ. ಚಹಾ ಬಿಡಿ, ಎಲೆ ಅಡಿಕೆ ಬಿಡಿ ಅಂತ ಹೇಳುವುದನ್ನು ನಿಲ್ಲಿಸಿ ಬಹಳ ದಿನ ಆಯಿತು. ದಿನಕ್ಕೆ ಹತ್ತು ರೂಪಾಯಿಯ ಚಹಾ ಬಿಟ್ಟರೆ ತಿಂಗಳಿಗೆ 300 ಉಳಿಯುತ್ತದೆ, ಸರಿ. ಆದರೆ ಬಿಸಿಲಲ್ಲಿ ದುಡಿದು ಬಂದವರಿಗೆ ಆ ಒಂದು ಕಪ್ ಚಹಾನೂ ಬೇಡ ಅಂದರೆ ಎರಡನೇ ವಾರಕ್ಕೇ ವ್ರತ ಮುರಿಯುತ್ತದೆ. ಅದರ ಎರಡು ಮೂರು ಪಟ್ಟು ಬೇರೆ ಕಡೆ ಸೋರುತ್ತಿರುತ್ತದೆ. ಅತ್ತ ಯಾರೂ ನೋಡುವುದಿಲ್ಲ.

ನಮ್ಮ ಕಡೆ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. "ಜಾಸ್ತಿ ಏನಿಲ್ರಿ, ನೂರಕ್ಕ ಮೂರು" ಅನ್ನುತ್ತಾರೆ. ಬ್ಯಾಂಕಿನವರು ವರ್ಷದ ಲೆಕ್ಕ ಹೇಳುತ್ತಾರೆ, ಒಂಬತ್ತು, ಹತ್ತು. ಕಿವಿಗೆ ಮೂರು ಸಣ್ಣದು, ಹತ್ತು ದೊಡ್ಡದು ಅನ್ನಿಸುತ್ತದೆ ಅಲ್ವಾ? ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು.

ಒಬ್ಬ ತಾಯಿ ಮಗಳ ಕುಬಸಕ್ಕೆ ಸಾಹುಕಾರರ ಹತ್ತಿರ 30,000 ತಂದಿದ್ದರು. ತಿಂಗಳಿಗೆ 900 ಬಡ್ಡಿ. ಎರಡು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದ್ದರು. ಲೆಕ್ಕ ಹಾಕಿದರೆ 21,600. ಅಸಲು ಮಾತ್ರ ಮೂವತ್ತು ಸಾವಿರಕ್ಕೇ ನಿಂತಿತ್ತು. ಟ್ರಂಕಿನಲ್ಲಿ ಎರಡು ತೊಲ ಬಂಗಾರ ಇತ್ತು. "ಬಂಗಾರ ಅಡವಿಟ್ರ ಮಂದಿ ಏನಂತಾರ್ರೀ?" ಅಂದರು. ಸಾಹುಕಾರರ ಸಾಲ ಯಾರ ಕಣ್ಣಿಗೂ ಬೀಳುವುದಿಲ್ಲ, ಬಂಗಾರ ಕೊರಳಲ್ಲಿ ಇಲ್ಲದಿದ್ದರೆ ಮದುವೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಆ ನಾಚಿಕೆ ಸುಳ್ಳಲ್ಲ, ಅದಕ್ಕೆ ನಾನು ನಗಲಿಲ್ಲ. ಆದರೆ ಅದೇ 30,000ಕ್ಕೆ ಬ್ಯಾಂಕಿನ ಬಂಗಾರದ ಸಾಲ ವರ್ಷಕ್ಕೆ ನೂರಕ್ಕೆ ಹತ್ತರಂತೆ ಸಿಕ್ಕರೆ ತಿಂಗಳಿಗೆ 250 ಬೀಳುತ್ತದೆ. ತಿಂಗಳಿಗೆ 650 ರೂಪಾಯಿಯ ಫರಕು. ಯಾವ ಚಹಾ ಬಿಟ್ಟರೂ ಅಷ್ಟು ಉಳಿಯುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಿಡಿಸಿಕೊಳ್ಳದೆ, ಮುಂದುವರಿಸಿಕೊಳ್ಳದೆ ಬಿಟ್ಟರೆ ಒಡವೆ ಹರಾಜಿಗೆ ಹೋಗುತ್ತದೆ.

ವಾರದ ಕಂತಿನ ಸಾಲದ್ದು ಇನ್ನೊಂದು ಆಟ. 10,000ಕ್ಕೆ ವಾರಕ್ಕೆ 230ರಂತೆ ಐವತ್ತು ವಾರ ಕಟ್ಟಿದರೆ ಒಟ್ಟು 11,500. "ನೂರಕ್ಕ ಹದಿನೈದೇ ಆತಲ್ರಿ" ಅನ್ನುತ್ತಾರೆ. ಆದರೆ ಅಸಲು ವಾರ ವಾರ ಕರಗುತ್ತಿರುತ್ತದೆ, ಪೂರ್ತಿ ಹತ್ತು ಸಾವಿರ ನಿಮ್ಮ ಕೈಯಲ್ಲಿ ಇರುವುದು ಮೊದಲನೇ ವಾರ ಮಾತ್ರ. ನಿಜವಾದ ಬಡ್ಡಿ ಹೆಚ್ಚುಕಡಿಮೆ ಅದರ ಎರಡರಷ್ಟು.

ಬಂಗಾರ ಅಡವಿಟ್ಟು ಸಾಹುಕಾರರ ಸಾಲ ತೀರಿಸಿದ ಮೇಲೆ ಆ ತಾಯಿಗೆ ತಿಂಗಳಿಗೆ ಉಳಿದ 650ಕ್ಕೆ ಬರೋಣ. ಮಾರ್ಚ್‌ನಲ್ಲಿ ಒಂದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಶುರು ಮಾಡಿಸಿದೆ. ಮಾರ್ಚ್ ಯಾಕೆಂದರೆ ಹಿಂಗಾರಿ ಜೋಳ ಗಂಜ್ ಮಾರುಕಟ್ಟೆಗೆ ಬರುವ ಹೊತ್ತು ಅದು. ಡಿಸೆಂಬರ್, ಜನವರಿಯಲ್ಲಿ ರಾಶಿಯಾದ ತೊಗರಿಯೂ ಅಷ್ಟೊತ್ತಿಗೆ ಬೇಳೆಯಾಗಿರುತ್ತದೆ. ಹನ್ನೆರಡು ಕಂತು ಕಟ್ಟಿದರೆ 7,800, ಮೇಲೆ ಬಡ್ಡಿ. ಈ ದುಡ್ಡು ಸರಿಯಾಗಿ ಸುಗ್ಗಿ ಹೊತ್ತಿಗೆ ಕೈಗೆ ಬಂದರೆ ಕ್ವಿಂಟಲ್ ಜೋಳ, ಹತ್ತಿಪ್ಪತ್ತು ಕಿಲೋ ಬೇಳೆ ಒಂದೇ ಸಲ ತುಂಬಿಸಬಹುದು. ಒಣಗಿಸಿ, ಬೇವಿನ ಸೊಪ್ಪು ಹಾಕಿ ಡಬ್ಬಿಯಲ್ಲಿ ಇಡುವುದು ಹೇಗೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ಕಿರಾಣಿ ಅಂಗಡಿಯಲ್ಲಿ ಅರ್ಧ ಅರ್ಧ ಕಿಲೋ ಬೇಳೆಯನ್ನು ಉದ್ರಿ ತರುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನನ್ನದೇ ಮನೆ ಕತೆ. ಹೋದ ಏಪ್ರಿಲ್‌ನಲ್ಲಿ ನಮ್ಮ ಕರೆಂಟು 206 ಯೂನಿಟ್ ಓಡಿತ್ತು. ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರದೇ ಒಂದು ಮಿತಿ ಇದೆ. ಬಹಳ ಮನೆಗಳಿಗೆ ಅದು 2022-23ರ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು ಜಾಸ್ತಿ. ಆ ಮಿತಿ ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ಬಿಲ್. 200ರ ಮೇಲೆ ಒಂದು ಯೂನಿಟ್ ಹೋದರೂ ಪೂರ್ತಿ ಬಿಲ್ ಕಟ್ಟಬೇಕು. ಊರಿಗೆಲ್ಲ ಇದನ್ನು ಹೇಳಿಕೊಂಡು ತಿರುಗುವ ನಾನೇ ಆರು ಯೂನಿಟ್‌ಗೆ ಸಾವಿರದ ಮೇಲೆ ಕಟ್ಟಿ ಬಂದೆ. ಮನೆಯವಳು ಎರಡು ದಿನ ಆ ಬಿಲ್ಲನ್ನು ದೇವರ ಫೋಟೋ ಪಕ್ಕದಲ್ಲಿ ಇಟ್ಟಿದ್ದಳು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕೂಲರ್ ಮೇಲೆ ನನಗೆ ಸಂಶಯ ಇತ್ತು. ದೊಡ್ಡ ಪಾಲು ನುಂಗಿದ್ದು ಫ್ಯಾನು. ಹಳೇ ಫ್ಯಾನು 75 ವ್ಯಾಟ್. ಕಲಬುರಗಿ ಬಿಸಿಲಿಗೆ ದಿನಕ್ಕೆ 20 ತಾಸು ತಿರುಗಿದರೆ ಒಂದೂವರೆ ಯೂನಿಟ್. ಮೂರು ಫ್ಯಾನಿಗೆ ತಿಂಗಳಿಗೆ 135. ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಫ್ಯಾನು 30 ವ್ಯಾಟ್ ಆಸುಪಾಸು. ಅಷ್ಟೇ ಹೊತ್ತು ತಿರುಗಿದರೂ ಮೂರಕ್ಕೂ ಸೇರಿ 54. ಒಂದಕ್ಕೆ ಎರಡೂವರೆ, ಮೂರು ಸಾವಿರ ಬೀಳುತ್ತದೆ ಅಂತ ನಾವು ಸದ್ಯಕ್ಕೆ ಒಂದೇ ಬದಲಿಸಿದ್ದೇವೆ, ಹಗಲೂ ರಾತ್ರಿ ತಿರುಗುವ ಪಡಸಾಲೆಯದು. ಬಿಲ್ ಬಂದ ಇಪ್ಪತ್ತನೇ ದಿನಕ್ಕೆ ಮೀಟರ್ ನೋಡುವ ಕೆಲಸ ಮಗಳದು. 130 ದಾಟಿದ್ದರೆ ಆ ತಿಂಗಳು ಇಸ್ತ್ರಿ ಬಟ್ಟೆ ಹೊರಗೆ ಹೋಗುತ್ತವೆ.

ಇನ್ನು ಮೇಲುಗಳಿಕೆ. ಇಲ್ಲಿ ನನಗೆ ಕಾಣುವ ದೊಡ್ಡ ತಪ್ಪು ಒಂದೇ, ಗಲ್ಲಾಪೆಟ್ಟಿಗೆಗೆ ಬಂದದ್ದನ್ನೆಲ್ಲ ಲಾಭ ಅಂದುಕೊಳ್ಳುವುದು. ಊರಲ್ಲಿ ಕಡಕ್ ರೊಟ್ಟಿ ಸುಟ್ಟು ಅಂಗಡಿಗೆ ಹಾಕುವ ಹೆಣ್ಣುಮಗಳು ಒಬ್ಬಳು ಬಂದಿದ್ದಳು. ದಿನಕ್ಕೆ ನಾಲ್ಕು ಕಿಲೋ ಜೋಳ, 88 ರೊಟ್ಟಿ. ಅಂಗಡಿಯವರು ಐದು ರೂಪಾಯಿಯಂತೆ 440 ಕೊಡುತ್ತಾರೆ. "ಜ್ವಾಳಕ್ಕ ಇನ್ನೂರು ಹೋದ್ರ ಇನ್ನೂರ ನಲವತ್ತು ಉಳೀತದ ರೀ" ಅಂದಳು.

"ಗಿರಣಿಗೆ ಏನು ಕೊಡ್ತೀಯವ್ವಾ?" ಕೇಳಿದೆ. 24. ಗ್ಯಾಸು? ಸಿಲಿಂಡರ್ ಎಷ್ಟು ದಿನ ಬರುತ್ತದೆ ಅಂತ ಕೇಳಿ ಭಾಗಿಸಿದೆವು, ದಿನಕ್ಕೆ 60. ಪ್ಲಾಸ್ಟಿಕ್ ಚೀಲ 32. ಅಂಗಡಿಯಿಂದ ಮುರಿದು ವಾಪಸ್ ಬರುವ ಎಂಟು ರೊಟ್ಟಿಯ 40. ಕಡೆಗೆ ಉಳಿದದ್ದು 84. ಐದು ತಾಸು ಬೆಂಕಿ ಮುಂದೆ ಕೂತದ್ದಕ್ಕೆ. ತಾಸಿಗೆ 17 ರೂಪಾಯಿಯೂ ಬೀಳಲಿಲ್ಲ. ಅವಳು ಸುಮ್ನೆ ಕಾಗದವನ್ನೇ ನೋಡುತ್ತಾ ಕೂತಳು.

ರೊಟ್ಟಿ ಬಿಡು ಅಂತ ನಾನು ಹೇಳಲಿಲ್ಲ. ರೊಟ್ಟಿ ಚೆನ್ನಾಗಿತ್ತು, ಮಾರುವ ಜಾಗ ಸರಿ ಇರಲಿಲ್ಲ. ಅವಳ ಓಣಿಯಲ್ಲೇ ಕೋಚಿಂಗ್‌ಗೆ ಬಂದು ರೂಮು ಮಾಡಿಕೊಂಡ ಹುಡುಗರಿದ್ದಾರೆ, ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳಿವೆ. ಅವರಿಗೆ ಎಂಟು ರೂಪಾಯಿ ಭಾರ ಅಲ್ಲ. ದಿನಕ್ಕೆ 60 ರೊಟ್ಟಿ, ಹೇಳಿದವರಿಗೆ ಮಾತ್ರ, ಉದ್ರಿ ಇಲ್ಲ. 480 ಬರುತ್ತದೆ, ಖರ್ಚು 215. ಮೂರೂವರೆ ತಾಸಿಗೆ 265 ಉಳಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ ಪೊಟ್ಟಣ ಇಡು ಅಂದೆ, ರೊಟ್ಟಿ ಒಯ್ಯುವವರು ಹಿಂಡಿ ಕೇಳೇ ಕೇಳುತ್ತಾರೆ. ತಿನ್ನುವ ವಸ್ತು ಮಾರುವವರಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ.

ಮೊಬೈಲಿನಲ್ಲಿ ವಿಡಿಯೋಗೆ ಲೈಕ್ ಒತ್ತಿದರೆ ಐವತ್ತು ರೂಪಾಯಿ ಅನ್ನುವ ಕೆಲಸದ ಬಗ್ಗೆಯೂ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಮೊದಲ ಎರಡು ದಿನ ದುಡ್ಡು ನಿಜವಾಗಿಯೂ ಬರುತ್ತದೆ, ಅದೇ ಗಾಳ. ಮೂರನೇ ದಿನ ನಿಮ್ಮಿಂದಲೇ ಹಾಕಿಸಿಕೊಳ್ಳುತ್ತಾರೆ. ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಆ ಗಳಿಗೆಯಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ರೊಟ್ಟಿ ಹೆಣ್ಣುಮಗಳು ಮೊನ್ನೆ ಫೋನ್ ಮಾಡಿದ್ದಳು. ಒಂದು ಮದುವೆಗೆ ಐನೂರು ರೊಟ್ಟಿ ಬೇಕಂತೆ. ನಾನು ಹುರುಪಿನಲ್ಲಿ ಶುರು ಮಾಡಿದೆ, ಗ್ಯಾಸು ಎಣಿಸು, ಚೀಲ ಎಣಿಸು, ನಿನ್ನ ಕೂಲಿ ಮರೀಬೇಡ ಅಂತ.

"ಅದೆಲ್ಲಾ ಹಿಡದೀನ್ರೀ ಸರ್," ಅಂದಳು, "ಅಡ್ವಾನ್ಸ್ ಎಷ್ಟು ತೊಗೊಳ್ಲಿ ಅಂತ ಕೇಳ್ಲಕತ್ತೀನಿ."