ಇಡಿಐ ಮತ್ತು ಎಪಿಐ ಒಂದೇ ವಹಿವಾಟಿನಲ್ಲಿ ಸೇರಿದಾಗ

ಖರೀದಿ ಆದೇಶ, ಇನ್‌ವಾಯ್ಸ್ ಮುಂತಾದ ದಾಖಲೆಗಳನ್ನು ನಿಗದಿತ ರೂಪದಲ್ಲಿ ಒಂದು ಸಂಸ್ಥೆಯ ಕಂಪ್ಯೂಟರ್ ಇನ್ನೊಂದು ಸಂಸ್ಥೆಯ ಕಂಪ್ಯೂಟರಿಗೆ ಕಳುಹಿಸುವ ಪದ್ಧತಿಯೇ ಇಡಿಐ. ಅಮೆರಿಕದಲ್ಲಿ ಇದಕ್ಕೆ ಎಕ್ಸ್12 ಮಾನಕವಿದೆ. ಅದನ್ನು ರೂಪಿಸುವ ಸಮಿತಿ 1979ರಲ್ಲಿ ಸ್ಥಾಪನೆಯಾಯಿತು. ಯುರೋಪಿನಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಹೆಚ್ಚು ಬಳಕೆಯಲ್ಲಿದೆ. ಒಂದು ತಂತ್ರಾಂಶ ಇನ್ನೊಂದನ್ನು ನೇರವಾಗಿ ಕೇಳಿ ಆಗಲೇ ಉತ್ತರ ಪಡೆಯುವ ವ್ಯವಸ್ಥೆಯಾದ ಎಪಿಐ ಬಂದ ಮೇಲೆ ಇಡಿಐ ಕಾಲ ಮುಗಿಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇವೆರಡೂ ಮಾಡುವ ಕೆಲಸ ಬೇರೆ ಬೇರೆ.

ಅಮೆರಿಕದ ಚಿಲ್ಲರೆ ವ್ಯಾಪಾರವನ್ನೇ ನೋಡೋಣ. ಎಕ್ಸ್12ರಲ್ಲಿ ಪ್ರತಿಯೊಂದು ಬಗೆಯ ದಾಖಲೆಗೂ ಒಂದು ಸಂಖ್ಯೆಯಿದೆ. ಖರೀದಿದಾರರು 850 ಎಂಬ ಆದೇಶ ಕಳುಹಿಸುತ್ತಾರೆ. ಪೂರೈಕೆದಾರರು 855ರಲ್ಲಿ ಅದಕ್ಕೆ ಉತ್ತರ ಕೊಟ್ಟು, ಸರಕು ಹೊರಟಾಗ 856ನ್ನೂ, ಹಣ ಕೇಳಲು 810ನ್ನೂ ಕಳುಹಿಸುತ್ತಾರೆ. ಎರಡೂ ಕಡೆಯವರನ್ನು ಮಾತಿಗೆ ಬದ್ಧರಾಗಿಸುವ ಇಂಥ ದಾಖಲೆಗಳಿಗೆ ಇಡಿಐ ಯೋಗ್ಯವಾಗಿದೆ. ಆದರೆ ಸ್ಟಾಕ್ ವಿವರ ಕೊಡುವ 846ನ್ನು ಸಾಮಾನ್ಯವಾಗಿ ನಿಗದಿತ ಅವಧಿಗೊಮ್ಮೆ ಕಳುಹಿಸುವುದರಿಂದ, ಈ ಕ್ಷಣ ಗೋದಾಮಿನಲ್ಲಿ ಎಷ್ಟು ಮಾಲಿದೆ ಎಂಬ ಪ್ರಶ್ನೆಗೆ ಎಪಿಐ ಮೂಲಕ ಕೇಳಿ ಪಡೆದ ಉತ್ತರವೇ ಹೆಚ್ಚು ನಂಬಲರ್ಹ.

ಕಲಿಯುವವರು ಎಡವುವುದು ಸ್ವೀಕೃತಿಯ ವಿಷಯದಲ್ಲಿ. 850ಕ್ಕೆ ಮರುತ್ತರವಾಗಿ ಬರುವ 997, ಆದೇಶ ತಲುಪಿದೆ ಮತ್ತು ಅದರ ರಚನೆ ಸರಿಯಿದೆಯೇ ಇಲ್ಲವೇ ಎಂಬುದನ್ನಷ್ಟೇ ತಿಳಿಸುತ್ತದೆ. ಮಾಲು ಕೊಡುತ್ತೇವೆ ಎಂಬ ಒಪ್ಪಿಗೆ 855ರಲ್ಲಿ ಮಾತ್ರ ಇರುತ್ತದೆ. ಎಪಿಐನಲ್ಲೂ ಹಾಗೆಯೇ: 202 ಎಂಬ ಎಚ್‌ಟಿಟಿಪಿ (ವೆಬ್ ಸಂವಹನದ ನಿಯಮಾವಳಿ) ಉತ್ತರದ ಅರ್ಥ ಕೋರಿಕೆಯನ್ನು ಸ್ವೀಕರಿಸಲಾಗಿದೆ ಎಂದಷ್ಟೇ, ಕೆಲಸ ಮುಗಿದಿದೆ ಎಂದಲ್ಲ. ತಲುಪಿದ್ದು ಮತ್ತು ಒಪ್ಪಿದ್ದು ಎಂಬ ಈ ಎರಡು ಹಂತಗಳನ್ನು ಡೇಟಾಬೇಸಿನಲ್ಲಿ ಬೇರೆ ಬೇರೆ ಸ್ಥಿತಿಗಳಾಗಿ ಇಡದಿದ್ದರೆ, ಯಾರೂ ಒಪ್ಪದ ಆದೇಶವನ್ನು ನಮ್ಮ ವ್ಯವಸ್ಥೆ ಖಚಿತವೆಂದು ತೋರಿಸುತ್ತದೆ.

ನಮ್ಮಲ್ಲಿ ಇವೆರಡರ ಸಂಗಮವನ್ನು ಜಿಎಸ್‌ಟಿ ಇ-ಇನ್‌ವಾಯ್ಸಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ, ವಿನಾಯಿತಿ ಪಡೆಯದ ವ್ಯಾಪಾರಿಗಳು ಇನ್ನೊಂದು ನೋಂದಾಯಿತ ಸಂಸ್ಥೆಗೆ ಕೊಡುವ ಇನ್‌ವಾಯ್ಸನ್ನು ನೋಂದಣಿ ಪೋರ್ಟಲಿಗೆ ಸಲ್ಲಿಸಿ ಐಆರ್‌ಎನ್, ಅಂದರೆ ಇನ್‌ವಾಯ್ಸಿನ ನೋಂದಣಿ ಗುರುತು ಸಂಖ್ಯೆ, ಪಡೆಯಬೇಕು. ಹಾಗಾಗಿ ಪೀಣ್ಯದ ಬಿಡಿಭಾಗ ತಯಾರಕರೊಬ್ಬರು ಇಡಿಐ ಬಳಸುವ ವಾಹನ ಕಂಪನಿಗೆ ಮಾಲು ಕೊಡುವುದಾದರೆ, ಮೊದಲು ಎಪಿಐ ಮೂಲಕ ಐಆರ್‌ಎನ್ ಪಡೆದು, ಅದನ್ನು ಸೇರಿಸಿದ ಇನ್‌ವಾಯ್ಸನ್ನು ಆಮೇಲೆ ಇಡಿಐ ದಾರಿಯಲ್ಲಿ ಕಳುಹಿಸುವುದು ಸರಿಯಾದ ಕ್ರಮ.

ಪೋರ್ಟಲಿನ ಉತ್ತರ ಮಧ್ಯದಲ್ಲೇ ಕಡಿದುಹೋದರೆ ಏನು ಮಾಡಬೇಕು? ಐಆರ್‌ಎನ್ ರೂಪುಗೊಳ್ಳುವುದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ಸಂಖ್ಯೆಗಳಿಂದ. ಆದ್ದರಿಂದ ಅದೇ ಇನ್‌ವಾಯ್ಸ್ ಮತ್ತೆ ಹೋದರೂ ಎರಡನೆಯ ನೋಂದಣಿ ಆಗದೆ, ನಕಲು ಎಂಬ ದೋಷಸೂಚನೆ ಬರುತ್ತದೆ. ಗಾಬರಿಯಲ್ಲಿ ಹೊಸ ಸಂಖ್ಯೆ ಕೊಟ್ಟು ಕಳುಹಿಸಿದರೆ ಮಾತ್ರ ಒಂದೇ ಮಾಲಿಗೆ ಎರಡು ಇನ್‌ವಾಯ್ಸ್ ಹುಟ್ಟಿಕೊಳ್ಳುತ್ತವೆ. ಅದೇ ದಾಖಲೆಯ ವಿವರ ಕೊಟ್ಟು ಈಗಾಗಲೇ ಐಆರ್‌ಎನ್ ಸಿಕ್ಕಿದೆಯೇ ಎಂದು ವಿಚಾರಿಸಿ, ಉತ್ತರ ಬರುವವರೆಗೆ ಇಡಿಐ ಸಂದೇಶವನ್ನು ತಡೆದಿಡಬೇಕು.